‘ಪಾ’ ಅಂದ್ರ ಹಾಲು: 13 ತಿಂಗಳ ಒಂದು ಕೂಸಿನ ಕೇಸ್

ಕೇಸ್ ಶೀಟಿನ್ಯಾಗ ಮೊದಲನೇ ದಿನ ನಾ ಬರದದ್ದು ಇಷ್ಟು: ಹೆಣ್ಣು ಕೂಸು, 13 ತಿಂಗಳು, ಹೆಸರು ಹಿಡಿದು ಕರೆದ್ರ ತಿರುಗಿ ನೋಡಲ್ಲ, ದನಿ ತೆಗಿಯೋದು ಕಮ್ಮಿ, ಆಡೋ ಪದ 0. ಆ 0 ತಪ್ಪಿತ್ತು. ನಾಕು ವಾರ ಆದಮ್ಯಾಲ ನಾನೇ ಅದನ್ನ ಹೊಡೆದು ಹಾಕಿ 1 ಅಂತ ಬರದೆ. ಅದು ಹ್ಯಾಂಗ ತಪ್ಪಾತು, ಯಾರ್ಯಾರಿಗೆ ಕೇಳಿಸದಂಗ ಹೋತು ಅನ್ನೋದನ್ನ ಪೂರ್ತಿ ಬರೀಬೇಕು ಅಂತ ಅವತ್ತೇ ಅನ್ಕೊಂಡಿದ್ದೆ. ನಾನು ರಾಯಚೂರಿನ್ಯಾಗ ಸಣ್ಣ ಮಕ್ಕಳ ಕಿವಿ ಟೆಸ್ಟು, ಸ್ಪೀಚ್ ಥೆರಪಿ ಮಾಡಾಕಿ. ಮನಿಯವರನ್ನ ಕೇಳಿ, ಅವರು ಹ್ಞೂಂ ಬರೀರಿ ಅಂದಮ್ಯಾಲ ಬರೀಲಿಕ್ಕತ್ತೀನಿ, ಹೆಸರು ಊರು ಬಿಟ್ಟೀನಿ.

ತಂದಿ ಕಡಿಯವರು ರಾಯಚೂರು ತಾಲ್ಲೂಕಿನವರು, ಮನ್ಯಾಗ ಕನ್ನಡ. ತಂದಿ ಶಕ್ತಿನಗರದ ಕಡಿ ಶಿಫ್ಟ್ ಡ್ಯೂಟಿ ಮಾಡ್ತಾನ, ಒಂದು ವಾರ ಹಗಲು ಒಂದು ವಾರ ರಾತ್ರಿ, ಹಿಂಗಾಗಿ ಕೂಸು ಎದ್ದಿರೋ ಹೊತ್ತಿಗೆ ಆತ ಮಲಗಿರ್ತಾನ, ಆತ ಎದ್ದಾಗ ಕೂಸು ಮಲಗಿರ್ತದ. ತಾಯಿ ಗದ್ವಾಲ್ ಕಡಿಯಾಕಿ, ತೆಲುಗು. ನಮ್ಮಲ್ಲಿ ಇದೇನೂ ಹೊಸಾದಲ್ಲ, 1956ಕ್ಕಿಂತ ಮುಂಚೆ ಗದ್ವಾಲ್, ಆಲಂಪುರ ತಾಲ್ಲೂಕು ರಾಯಚೂರು ಜಿಲ್ಲಾದಾಗೇ ಇದ್ವು, ರಾಜ್ಯ ಬ್ಯಾರೆ ಆದ್ರೂ ಹೆಣ್ಣು ಕೊಡೋದು ತರೋದು ನಿಂತಿಲ್ಲ. ಪಕ್ಕದ ಮನಿಯವರು ಉರ್ದು ಮಾತಾಡೋರು, ಕೂಸನ್ನ ಎತ್ಕೊಂಡು ಹೋಗಿ ಆಡಿಸಾಕಿ ಆ ಮನಿ ಹುಡುಗಿ. ಅಂದ್ರ ಕೂಸಿನ ಕಿವಿಗೆ ದಿನಾ ಬೀಳೋದು ಮೂರು ಭಾಷಾ.

ಮೊದಲನೇ ಸರ್ತಿ ಬಂದಾಗ ಮಾತಾಡಿದ್ದೆಲ್ಲಾ ಕೂಸಿನ ಅಜ್ಜಿ, ತಂದಿಯ ತಾಯಿ. "ಮೇಡಂರಿ, ಕೂಸು ಮಾತಾಡವಲ್ದು. ನಮ್ಮ ಮೈದುನನ ಮೊಮ್ಮಗ ಇದರ ವಾರಿಗಿನೇ, ಅದು ಅತ್ತಿ ಕಾಕಾ ಎಲ್ಲಾ ಅಂತದ ನೋಡ್ರಿ" ಅಂತ ಶುರು ಮಾಡಿದ್ರು. ಬಜಿ ತೇದು ನಾಲಿಗಿಗೆ ಹಚ್ಚಿದ್ದು, ಹರಕಿ ಹೊತ್ತಿದ್ದು, ನಾಲಿಗಿ ಕೆಳಗಿನ ನರ ಕತ್ತರಿಸಬೇಕೇನೋ ಅಂತ ಯಾರೋ ಅಂದದ್ದು ಎಲ್ಲಾ ಬಂತು. ನಾಲಿಗಿ ಎತ್ತಿ ನೋಡಿದೆ, ತುದಿ ತುಟಿ ದಾಟಿ ಹೊರಗ ಬರ್ತದ, ಮ್ಯಾಲೂ ಏಳ್ತದ, ಅಲ್ಲಿ ಕತ್ತರಿಸೋವಂಥಾದ್ದು ಏನೂ ಇಲ್ಲ. ಹುಟ್ಟಿನ ವಿವರ ಕೇಳಿದೆ: ದಿನ ತುಂಬಿ ಹುಟ್ಟ್ಯದ, 2.8 ಕೆಜಿ, ಹುಟ್ಟಿದ ಕೂಡ್ಲೆ ಅತ್ತದ, ಕಾಮಣಿ ಜೋರಾಗಿಲ್ಲ, ಐಸಿಯುದಾಗ ಇಟ್ಟಿಲ್ಲ, ಫಿಟ್ಸ್ ಬಂದಿಲ್ಲ, ಮದುವಿ ಸಂಬಂಧದೊಳಗಲ್ಲ. ಈ ಕೊನೇದನ್ನ ನಾ ತಪ್ಪದೆ ಕೇಳ್ತೀನಿ, ಯಾಕಂದ್ರ ಸೋದರಮಾವಗ ಅಕ್ಕನ ಮಗಳನ್ನ ಕೊಡೋ ಮದುವಿ ನಮ್ಮಲ್ಲಿ ಇನ್ನಾ ಅವ, ತಾಯಿ ತಂದಿ ಇಬ್ಬರ ಕಡಿಂದನೂ ಅದೇ ಜೀನ್ ಬಂದ್ರ ಹುಟ್ಟುಗಿವುಡು ಬರೋ ಸಾಧ್ಯತಾ ಅಲ್ಲಿ ಜಾಸ್ತಿ.

ತಾಯಿ ಕೂಸನ್ನ ಟೊಂಕದ ಮ್ಯಾಲ ಇಟ್ಕೊಂಡು ಗ್ವಾಡಿಗೆ ಆತು ನಿಂತಿದ್ಲು. ನಾ ಆಕಿನ್ನ ಏನು ಕೇಳಿದ್ರೂ ಅತ್ತಿ ಮಾರಿ ನೋಡಾಕಿ, ಅತ್ತಿ ಉತ್ತರ ಕೊಡೋರು. ನಾ ಕೇಳಿದ್ದೆಲ್ಲಾ ಕನ್ನಡದಾಗ. ನಂಗ ತೆಲುಗು ಬರ್ತದ, ಆದ್ರೂ ಅವತ್ತು ಆಕಿ ಕೂಡ ಒಂದು ಮಾತೂ ತೆಲುಗಿನ್ಯಾಗ ಆಡಲಿಲ್ಲ. ಗಡಿಬಿಡಿಯಾಗಿತ್ತು, ಹೊರಗ ಇನ್ನಾ ಆರು ಜನ ಕುಂತಿದ್ರು. ಗಡಿಬಿಡಿ ಅನ್ನೋದು ಕಾರಣ ಆಗಬಹುದು, ಸರಿ ಅನ್ನಕ್ಕಾಗಲ್ಲ.

ಮಾತು ಬರವಲ್ದು ಅಂತ ಯಾವ ಕೂಸು ಬಂದ್ರೂ ಮೊದಲು ಕಿವಿ. ಇದರಾಗ ಎರಡು ಮಾತಿಲ್ಲ. ಮನಿಯವರು "ಕಿವಿ ಕೇಳ್ತದರಿ, ಬಾಗಲಾ ಬಡದ್ರ ಬೆಚ್ಚಿ ಬೀಳ್ತದ, ತಾಟು ಬಡದ್ರ ನೋಡ್ತದ" ಅಂದ್ರು. ಬಾಗಲಾ ಬಡದಾಗ ನೆಲ ಅದರ್ತದ, ಗಾಳಿ ಬರ್ತದ, ತಾಟು ಬಡಿಯೋರ ಕೈ ಕಣ್ಣಿಗೆ ಕಾಣ್ತದ, ಪೂರಾ ಕಿವುಡಿದ್ದ ಕೂಸೂ ತಿರುಗ್ತದ. ಮತ್ತ ಮಾತಿಗೆ ಬೇಕಾಗೋದು ಆ ದೊಡ್ಡ ಸಪ್ಪಳ ಅಲ್ಲ, ‘ಸ’ ‘ತ’ ‘ಪ’ ಅನ್ನೋ ಸಣ್ಣ ಸಣ್ಣ ಸಪ್ಪಳ. ಅದಕ್ಕ ಓಎಇ ಅಂತ ಟೆಸ್ಟ್ ಅದ, ಕಿವ್ಯಾಗ ಸಣ್ಣ ಪ್ರೋಬ್ ಇಟ್ಟು ದನಿ ಬಿಟ್ರ ಒಳಗಿವಿಯ ಜೀವಕೋಶಗಳು ತಿರುಗಿ ಒಂದು ಸಣ್ಣ ದನಿ ಕಳಿಸ್ತಾವ, ಮಷಿನ್ ಅದನ್ನ ಹಿಡಿತದ. ಡೇವಿಡ್ ಕೆಂಪ್ ಅನ್ನೋರು 1978ರಾಗ ಇದನ್ನ ಕಂಡು ಹಿಡಿದ್ರು, ಈಗ ಎರಡು ದಿನದ ಕೂಸಿಗೂ ಮಲಗಿದಾಗ ಮಾಡಬಹುದು, ನೋವಿಲ್ಲ, ಸೂಜಿ ಇಲ್ಲ. ಈ ಕೂಸಿಗೆ ಹುಟ್ಟಿದಾಗ ಇದು ಆಗಿದ್ದಿಲ್ಲ.

ಎರಡೂ ಕಿವಿ ಫೇಲ್. ನಾವು ಫೇಲ್ ಅನ್ನಬಾರದು, ‘ರೆಫರ್’ ಅನ್ನಬೇಕು, ಆದ್ರ ಮನಿಯವರಿಗೆ ಎರಡೂ ಒಂದೇ. ಅಜ್ಜಿ ಅಲ್ಲೇ ಕುಂತು ಅಳಾಕ ಚಾಲೂ ಮಾಡಿದ್ರು. ತಾಯಿ ಅಳಲಿಲ್ಲ, ಕೂಸಿನ ಕಿವಿ ಮ್ಯಾಲ ಕೈ ಇಟ್ಟು ಹಂಗೇ ನಿಂತ್ಲು. ನಾ ಕೂಡ್ಲೆ ಟಿಂಪನೋಮೆಟ್ರಿ ಮಾಡಿದೆ, ಕಿವಿ ಪರದಿ ಎಷ್ಟು ಅಲುಗಾಡ್ತದ ಅಂತ ನೋಡೋದು ಅದು, ಗ್ರಾಫ್ ಎರಡೂ ಕಡಿ ನೆಟ್ಟಗ ಅಡ್ಡ ಗೀಟು, ಗುಡ್ಡ ಇಲ್ಲ. ಅಂದ್ರ ಪರದಿ ಹಿಂದ ನೀರು ತುಂಬ್ಯದ. ಕೂಸಿಗೆ ಮೂಗು ಸೋರ್ತಿತ್ತು, ಕೇಳಿದ್ರ ನಾಕು ತಿಂಗಳಿಂದ ನೆಗಡಿ ಬರೋದು ಹೋಗೋದು ನಡದೇ ಇತ್ತಂತ. ಸಣ್ಣ ಮಕ್ಕಳಿಗೆ ಮೂಗಿನ ಹಿಂದಿನಿಂದ ಕಿವಿಗೆ ಹೋಗೋ ಕೊಳವಿ ಗಿಡ್ಡ ಇರ್ತದ, ಅಡ್ಡನೂ ಇರ್ತದ, ನೆಗಡಿ ಆದ್ರ ನೀರು ಅಲ್ಲೇ ನಿಲ್ತದ. ಕಿವ್ಯಾಗ ಹತ್ತಿ ಇಟ್ಕೊಂಡು ಕೇಳಿದಂಗ, ಸಪ್ಪಳ ಬರ್ತದ, ಮಾತು ಚೊಕ್ಕ ಬರಲ್ಲ. ಹಿಂಗ ನೀರಿದ್ದಾಗ ಒಳಗಿವಿ ಚಂದಿದ್ರೂ ಓಎಇ ರೆಫರ್ ಬರ್ತದ, ಅದಕ್ಕ ಅವತ್ತೇ ಕಿವುಡು ಅಂತ ತೀರ್ಮಾನ ಕೊಡಕ್ಕಾಗಲ್ಲ ಅಂತ ಎರಡೆರಡು ಸರ್ತಿ ಹೇಳಿದೆ. ಇಎನ್‌ಟಿ ಡಾಕ್ಟ್ರ ಕಡಿ ಕಳಿಸಿದೆ. ಮಲಗಿಸಿ ಬಾಟಲಿ ಹಾಲು ಕುಡಿಸೋದು ಬ್ಯಾಡ, ತಲಿ ಎತ್ತಿ ಕುಡಿಸ್ರಿ ಅಂತ ಹೇಳಿದೆ, ಮತ್ತ ಕಿವಿಗೆ ಬಿಸಿ ಎಣ್ಣಿ ಬಿಡೋದನ್ನ ಇವತ್ತಿಗೇ ನಿಲ್ಲಸ್ರಿ ಅಂತನೂ. ನಮ್ಮ ಕಡಿ ಎಣ್ಣಿ ನೀರು ಹಾಕೋ ದಿನ ಕಿವಿಗೂ ಬಿಡ್ತಾರ, ಪ್ರೀತಿಯಿಂದ್ಲೇ ಬಿಡ್ತಾರ, ಆದ್ರ ಪರದಿ ಹಿಂದಿನ ನೀರಿಗೆ ಹೊರಗಿಂದ ಬಿಟ್ಟ ಎಣ್ಣಿ ಮುಟ್ಟೋದೂ ಇಲ್ಲ, ಕೂಸಿಗೆ ಕಿವ್ಯಾಗ ಬುರಸು ಸೋಂಕು ಆದ್ರ ಅದೊಂದು ಹೊಸ ತಲಿನೋವು.

ಆ ದಿನ ಹೊರಗ ಹೋಗೋಕಿಂತ ಮುಂಚೆ ತಾಯಿ ಒಂದು ಕೆಲಸ ಮಾಡಿದ್ಲು. ಬಾಗಲದಾಗ ನಿಂತು ಫೋನ್ ತೆಗದು ಒಂದು ವಿಡಿಯೋ ತೋರಿಸಿದ್ಲು, ಏನೂ ಹೇಳಲಿಲ್ಲ. ತನ್ನ ತವರಿಗೆ ವಾಟ್ಸಾಪ್ ಮಾಡಿದ್ದ ವಿಡಿಯೋ ಅದು, ಕೂಸಿಗೆ ಏಳೂವರಿ ತಿಂಗಳು. ತೊಟ್ಟಿಲ ಹಗ್ಗ ಹಿಡ್ಕೊಂಡು ಕೂಸು "ದ್ದ ದ್ದ ದ್ದಾ, ಬಬಬಾ" ಅಂತದ, ನಿಲ್ಲಸ್ತದ, ಯಾರನ್ನೋ ನೋಡ್ತದ, ಮತ್ತ "ದ್ದಾ" ಅಂತದ. 40 ಸೆಕೆಂಡು. ನಂಗ ಆ 40 ಸೆಕೆಂಡು ಮಷಿನ್ ಗ್ರಾಫಿಗಿಂತ ದೊಡ್ಡದಾತು.

ಯಾಕ ಅಂದ್ರ, ಕೂಸಿನ ದನಿ ಬೆಳಿಯೋದಕ್ಕ ಒಂದು ಸಾಲು ಅದ. ಹುಟ್ಟಿದಾಗ ಅಳೋದು, ತೇಗೋದು ಅಷ್ಟ, ಗಂಟಲದ ದನಿಪೆಟ್ಟಿಗಿ ಭಾಳ ಮ್ಯಾಲ ಇರ್ತದ, ನಾಲಿಗಿ ಬಾಯಿ ತುಂಬಾ ಇರ್ತದ, ಆಡಾಕ ಜಾಗನೇ ಇರಲ್ಲ. ಎರಡು ಮೂರು ತಿಂಗಳಿಗೆ "ಅಂಗೂ", "ಊಂ" ಅಂತ ಹಿಂದಿನ ಗಂಟಲದಾಗ ಆಡ್ತಾವ. ನಾಕರಿಂದ ಆರರ ತನಕ ಕಿರಚೋದು, ತುಟಿ ಬುರ್ರ್ ಅನ್ನಿಸೋದು, ದನಿ ಏರಿಸಿ ಇಳಿಸಿ ನೋಡೋದು. ಇಲ್ಲಿತನಕ ಕಿವುಡ ಕೂಸು, ಕಿವಿ ಇದ್ದ ಕೂಸು ಸುಮಾರು ಒಂದೇ ಥರ, ಅದಕ್ಕೇ ಎಷ್ಟೋ ಮನ್ಯಾಗ "ಆರು ತಿಂಗಳಿದ್ದಾಗ ಚಂದ ದನಿ ತೆಗೀತಿತ್ತು" ಅಂತ ಮೋಸ ಹೋಗ್ತಾರ. ಕವಲು ಒಡಿಯೋದು ಅದಾದಮ್ಯಾಲ, ವ್ಯಂಜನ ಸ್ವರ ಎರಡೂ ಕೂಡಿ "ಬಬಬ", "ದದದ" ಅಂತ ನಮ್ಮ ಮಾತಿನ ತಾಳಕ್ಕ ಬರೋದು. ಕಿಂಬ್ರೋ ಆಲರ್, ರೆಬೆಕ್ಕಾ ಐಲರ್ಸ್ ಅಂತ ಇಬ್ರು 1988ರಾಗ ಇದನ್ನ ತೋರಿಸಿಕೊಟ್ರು, ಕಿವಿ ಕೇಳೋ ಕೂಸುಗಳು ಎಲ್ಲಾ 6ರಿಂದ 10 ತಿಂಗಳೊಳಗ ಈ ತೊದಲು ಶುರು ಮಾಡಿದ್ವು, ಹುಟ್ಟುಗಿವುಡ ಕೂಸುಗಳಲ್ಲಿ ಒಂದೂ 11 ತಿಂಗಳಕಿಂತ ಮುಂಚೆ ಮಾಡಲಿಲ್ಲ. ಅಂದ್ರ ಏಳೂವರಿ ತಿಂಗಳಿಗೆ "ದ್ದ ದ್ದ ದ್ದಾ" ಅಂದ ಈ ಕೂಸು ಆಗ ಚಂದ ಕೇಳ್ತಿತ್ತು ಅನ್ನೋದಕ್ಕ ತಾಯಿ ಫೋನಿನ್ಯಾಗ ಸಾಕ್ಷಿ ಇತ್ತು. ಹಾಂಗಿದ್ರ 13ಕ್ಕ ಯಾಕ ಸುಮ್ಮಗಾತು?

ನಾಕು ವಾರ ಬಿಟ್ಟು ಬಂದ್ರು. ನೆಗಡಿ ಹೋಗಿತ್ತು, ಗ್ರಾಫ್ ಗುಡ್ಡ ಎದ್ದಿತ್ತು, ಓಎಇ ಎರಡೂ ಪಾಸ್. ಓಎಇ ಒಳಗಿವಿ ತನಕ ಅಷ್ಟ ನೋಡ್ತದ, ಅಲ್ಲಿಂದ ಮಿದುಳಿಗೆ ಹೋಗೋ ನರ ನೋಡಲ್ಲ, ಅದಕ್ಕ ಬೆರಾ ಟೆಸ್ಟೂ ಮಾಡಿಸಿದ್ವಿ, ಅದೂ ನಾರ್ಮಲ್. ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ: ಈ ಕೇಸ್ ಓದಿ ಯಾರೂ ‘ಅಂದ್ರ ಕಿವಿ ಟೆಸ್ಟ್ ಬ್ಯಾಡ’ ಅನ್ಕೊಬ್ಯಾಡ್ರಿ. ನಮ್ಮ ಕೆಲಸದಾಗ ಒಂದು ಲೆಕ್ಕ ಅದ, 1-3-6 ಅಂತ, ಒಂದು ತಿಂಗಳೊಳಗ ಸ್ಕ್ರೀನಿಂಗ್, ಮೂರರೊಳಗ ಖಾತ್ರಿ, ಆರರೊಳಗ ಹಿಯರಿಂಗ್ ಏಡ್ ಥೆರಪಿ ಚಾಲೂ ಆಗಬೇಕು. 2013ರಿಂದ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣಿ ಪ್ರೋಗ್ರಾಮಿನ್ಯಾಗ ಹುಟ್ಟುಗಿವುಡೂ ಸೇರ್ಯದ, ಅಂಗನವಾಡಿಗೆ ಟೀಮ್ ಬಂದಾಗ ಬಾಯಿ ಬಿಟ್ಟು ಕೇಳ್ರಿ. ಎರಡೂವರಿ ವರ್ಷಕ್ಕ ನನ್ನ ಹತ್ರ ಮೊದಲನೇ ಸರ್ತಿ ಬರೋ ಕೂಸುಗಳನ್ನ ನೋಡಿದ್ರ ಹೊಟ್ಟಿ ಉರಿತದ.

"ಕಿವಿ ಸರಿ ಅದ ಅಂತೀರಿ, ಮತ್ತ್ಯಾಕ ಮಾತಾಡವಲ್ದು?" ಅಜ್ಜಿ ಕೇಳಿದ ಪ್ರಶ್ನಿ ನ್ಯಾಯದ್ದೇ.

ಅದಕ್ಕ ಆಟದ ಖೋಲಿಯಾಗ ಚಾಪಿ ಹಾಸಿ ತಾಯಿ ಕೂಸನ್ನ ಕುಂಡ್ರಿಸಿ, "ಮನ್ಯಾಗ ಹ್ಯಾಂಗ ಆಡಿಸ್ತೀಯವ್ವ ಹಾಂಗ ಆಡಿಸು" ಅಂದು ನಾನು ಮೂಲ್ಯಾಗ ಬರ್ಕೊಂತ ಕುಂತೆ. ಅಜ್ಜಿನೂ ಕುಂತ್ರು. ಹತ್ತು ನಿಮಿಷ. ತಾಯಿ ಚೆಂಡು ಕೊಟ್ಲು, ಬಟ್ಲಾ ಕೊಟ್ಲು, ಮಾರಿ ಒರಸಿದ್ಲು, ಕೂದಲಾ ಸರಿ ಮಾಡಿದ್ಲು, ಕೈ ಭಾಳ ಪ್ರೀತಿ ಇದ್ದ ಕೈ. ಬಾಯಿ ಬಿಟ್ಟದ್ದು ಆರು ಸರ್ತಿ: "ತಗೋ", "ಬಾ", "ಬ್ಯಾಡ", ಮತ್ತ "ತಗೋ", ಹಿಂಗ. ಹತ್ತು ನಿಮಿಷಕ್ಕ ಆರು. ಕೂಸು ಎರಡು ಸರ್ತಿ "ಊಂ" ಅಂತು, ತಾಯಿ ನೋಡಿ ನಕ್ಕಳು, ಮಾತಾಡಲಿಲ್ಲ. ನಾ ಮೊದಲು ಆಕಿಗೆ ಮನಸ್ಸಿನ ಬ್ಯಾನಿ ಏನಾರ ಅದ ಏನು, ಬಾಣಂತನದ ನಂತರ ಬರೋದು, ಅಂತ ವಿಚಾರ ಮಾಡಿದೆ. ಆಮ್ಯಾಲ ಅಜ್ಜಿಗೆ ಛಾ ಬಂದದ ಅಂತ ಹೊರಗ ಕರದ್ರು.

ಬಾಗಲಾ ಮುಚ್ಚಿದ ಮ್ಯಾಲ ಅರ್ಧ ನಿಮಿಷನೂ ಆಗಿದ್ದಿಲ್ಲ. "ರಾ ಕನ್ನಾ, ಇಟು ಚೂಡು, ಚೂಡು ಬಂಗಾರಂ, ಪಾಲು ತಾಗುತಾವಾ, ಪಾಲೂ?" ಬಾರೇ ಚಿನ್ನಾ, ಇಲ್ಲಿ ನೋಡು, ಹಾಲು ಕುಡೀತೀಯಾ ಅಂತ. ದನಿ ಮೆಲ್ಲಗಿತ್ತು, ಆದ್ರ ಏರ್ತಿತ್ತು ಇಳೀತಿತ್ತು, ‘ಪಾ’ದ ಮ್ಯಾಲ ಉದ್ದ ಎಳೀತಿದ್ಲು. ಕೂಸು ಚೆಂಡು ಬಿಟ್ಟು ಸರಕ್ನೆ ತಿರುಗ್ತು. ಚೀಲದಾಗಿಂದ ಹಾಲಿನ ಗ್ಲಾಸ್ ಹೊರಗ ಬಂತು, ಕೂಸು ಅದರ ಕಡಿ ಕೈ ಚಾಚಿ, ತುಟಿ ಎರಡೂ ಒತ್ತಿ, "ಪಾ" ಅಂತು. ಮತ್ತ "ಪಾ".

ನಾ ತೆಲುಗಿನ್ಯಾಗ ಕೇಳಿದೆ, ಇದು ಯಾವಾಗಿಂದ ಅಂತ ಅದ? ಆಕಿ ಗಾಬರಿಯಾಗಿ ಬಾಗಲ ಕಡಿ ನೋಡಿದ್ಲು. "ಒಂದು ತಿಂಗಳ ಮ್ಯಾಲಾತು ಅಕ್ಕಾ, ಹಾಲಿಗೆ ಅಷ್ಟ ಅಂತದ, ನೀರಿಗೆ ಅನ್ನಲ್ಲ" ಅಂತ ತೆಲುಗಿನ್ಯಾಗೇ ಹೇಳಿದ್ಲು. ಛಾ ಮುಗಿಸಿ ಅಜ್ಜಿ ಬಂದಮ್ಯಾಲ ಅವರನ್ನೂ ಕೇಳಿದೆ. "ಪಾ ಅಂತದರಿ, ಅವರಪ್ಪನ್ನ ಕರೀತದ, ಆದ್ರ ಅಪ್ಪ ಬಂದ್ರ ಅನ್ನಲ್ಲ, ಸುಮ್ನ ಅಂತದ." ಮನಿ ಮಂದಿ ಎಲ್ಲಾ ‘ಹಾ’ಕ್ಕ ಕಾದಿದ್ರು, ಕೂಸು ‘ಪಾ’ ಅಂದ್ರ ಅದು ಮಾತಿನ ಲೆಕ್ಕಕ್ಕ ಬಂದಿದ್ದಿಲ್ಲ. ಒಂದೇ ವಸ್ತುಕ್ಕ, ಒಂದೇ ದನಿ, ಮತ್ತ ಮತ್ತ, ಬೇಕಾದಾಗ ಅಂದ್ರ ಅದು ಪದ. ದೊಡ್ಡವರು ಅನ್ನೋ ಹಾಂಗ ಪೂರ್ತಿ ಅನ್ನಬೇಕು ಅಂತ ಏನಿಲ್ಲ. ಹಳಗನ್ನಡದಾಗ ನಮ್ದೂ ‘ಪಾಲ್’ ಅಂತಾನೇ ಇತ್ತು, ಪುಲಿ ಹುಲಿ ಆದಂಗ ಅದು ಹಾಲಾತು, ತೆಲುಗಿನ್ಯಾಗ ‘ಪ’ ಹಂಗೇ ಉಳೀತು. ಕೂಸಿಗೆ ತುಟಿ ಮುಚ್ಚಿ ಬಿಡೋ ‘ಪ’ ಸಸಾರ, ಕಣ್ಣಿಗೂ ಕಾಣ್ತದ, ಉಸುರು ಅಷ್ಟ ಇರೋ ‘ಹ’ ನಮ್ಮ ಮಂದಿಗೇ ಬಾಯಾಗ ನಿಲ್ಲಲ್ಲ.

ಅವತ್ತು 0 ಹೊಡದು 1 ಬರದದ್ದು.

ಆಮ್ಯಾಲ ಆಕಿ ಒಬ್ಬಾಕಿನ್ನೇ ಕುಂಡ್ರಿಸಿ ಮಾತಾಡಿದೆ, ನಡದದ್ದು ತಿಳೀತು. ಏಳನೇ ತಿಂಗಳಿಗೆ ತವರಿಗೆ ಹೋಗಿದ್ಲು, ಬಾಣಂತನ ಅಲ್ಲೇ, ಕೂಸಿಗೆ ಐದು ತಿಂಗಳಾಗೋ ತನಕ ಗದ್ವಾಲದಾಗೇ. ಮನಿ ತುಂಬಾ ತೆಲುಗು. ಗಂಡನ ಮನಿಗೆ ಬಂದಮ್ಯಾಲೂ ಕೂಸಿನ ಕೂಡ ತೆಲುಗೇ ಮಾತಾಡ್ತಿದ್ಲು, ಆ ವಿಡಿಯೋ ಆಗಿಂದೇ. ಕೂಸಿಗೆ ಎಂಟು ತಿಂಗಳಿದ್ದಾಗ ಮನಿಗೆ ಬಂದ ಸಂಬಂಧಿಕರೊಬ್ರು, ಓದಿದವರು, "ಎರಡು ಭಾಷಾ ಹಾಕಿದ್ರ ಕೂಸಿನ ತಲಿ ಕೆಡ್ತದ, ಮಾತೇ ಬರಲ್ಲ, ಇನ್ನ ಮುಂದ ಕನ್ನಡ ಅಷ್ಟ ಮಾತಾಡಸ್ರಿ" ಅಂದ್ರು. ಒಳ್ಳೇದಾಗಲಿ ಅಂತಾನೇ ಅಂದ್ರು. ಮನ್ಯಾಗ ಅದೇ ಕಾನೂನು ಆತು. ಆಕಿ ಕನ್ನಡ ಮುರುಕು, ಲಿಂಗ ತಪ್ಪತಾವ, ಮಾತಾಡಿದ್ರ ಓಣಿ ಮಂದಿ ನಗ್ತಾರ. ತೆಲುಗು ಆಡಂಗಿಲ್ಲ, ಕನ್ನಡ ಆಡಾಕ ಬರಲ್ಲ, ಹಿಂಗಾಗಿ ಆಕಿ ಸುಮ್ಮನಾದ್ಲು. ರಾತ್ರಿ ಕೂಸನ್ನ ಮಲಗಿಸುವಾಗ ಚಾದರದೊಳಗ ಪಿಸುಗುಟ್ಟಿ ಮಾತಾಡ್ತಿದ್ಲಂತ, ‘ಪಾಲು’ ಅಲ್ಲಿಂದನೇ ಬಂದದ್ದು. ಇದನ್ನ ಹೇಳುವಾಗ ಆಕಿ ಅತ್ತಳು, ಓಎಇ ರೆಫರ್ ಬಂದ ದಿನ ಅಳದಿದ್ದಾಕಿ.

ಎಂಟನೇ ತಿಂಗಳು. ಸುಮ್ಮನಾಗಾಕ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಕೂಸು ಮಾತು ಆಡೋದು ವರ್ಷಕ್ಕಾದ್ರೂ ಕೇಳಾಕ ಶುರು ಮಾಡೋದು ಹೊಟ್ಟ್ಯಾಗಿಂದ, ಹುಟ್ಟಿ ಮೂರು ದಿನ ತುಂಬದ ಕೂಸುಗಳು ಬ್ಯಾರೆ ಹೆಣ್ಣಮಗಳ ದನಿಗಿಂತ ತಾಯಿ ದನಿ ಕೇಳಾಕ ಚೀಪೋ ರೀತಿನೇ ಬದಲ್ ಮಾಡ್ತಾವ ಅಂತ ಡಿಕ್ಯಾಸ್ಪರ್, ಫೈಫರ್ 1980ರಾಗೇ ತೋರಿಸ್ಯಾರ. ಮೊದಲ ಆರು ತಿಂಗಳು ಕೂಸಿನ ಕಿವಿ ಜಗತ್ತಿನ ಭಾಷಾಗಳಿಗೆಲ್ಲಾ ತೆರದಿರ್ತದ. ಕೆನಡಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಇಂಗ್ಲಿಷ್ ಮನಿ ಕೂಸುಗಳಿಗೆ ಹಿಂದಿಯ ‘ತ’ ‘ಟ’ ಕೇಳಿಸಿದ್ರು, 1984ರಾಗ ಬಂದ ಕೆಲಸ ಅದು, 6ರಿಂದ 8 ತಿಂಗಳ ಕೂಸುಗಳು ಬಹುತೇಕ ಎಲ್ಲಾ ಫರಕ್ ಹಿಡಿದ್ವು, 10ರಿಂದ 12 ತಿಂಗಳಿಗೆ ಬರೋದ್ರಾಗ ಹಿಡಿಯೋವು ಬೆರಳೆಣಿಕಿ. ನಮ್ಮ ಕೂಸುಗಳಿಗೆ ಇದು ಹೋಗಲ್ಲ, ಕನ್ನಡ ತೆಲುಗು ಉರ್ದು ಮೂರರಾಗೂ ‘ತ’ ‘ಟ’ ಬ್ಯಾರೆ ಬ್ಯಾರೆ. ಅಂದ್ರ ಎಂಟರಿಂದ ಹನ್ನೆರಡರ ನಡುವ ಕಿವಿ ಸುತ್ತಲಿನ ಭಾಷಾಕ್ಕ ಶ್ರುತಿ ಕೂಡಿಸ್ಕೊಳ್ಳೋ ಕಾಲ, ಅದೇ ಹೊತ್ತಿಗೆ ಈ ಕೂಸಿಗೆ ಎಲ್ಲಕ್ಕಿಂತ ಪರಿಚಯದ ದನಿ ನಿಂತು ಹೋತು, ಮ್ಯಾಲ ಕಿವ್ಯಾಗ ನೀರು.

ಎರಡು ಭಾಷಾ ಕೂಸಿಗೆ ಗೊಂದಲ ಅನ್ನೋ ಮಾತು ಸುಳ್ಳು, ನಾ ಇದನ್ನ ಅಜ್ಜಿ ಮುಂದೂ ಹಿಂಗೇ ನೇರ ಹೇಳಿದೆ. ಬಸಿರಾಗಿದ್ದಾಗ ಇಂಗ್ಲಿಷ್, ಟ್ಯಾಗಲಾಗ್ ಎರಡೂ ಆಡ್ತಿದ್ದ ತಾಯಂದಿರ ಕೂಸುಗಳು ಹುಟ್ಟುತ್ಲೇ ಎರಡನ್ನೂ ಇಷ್ಟಪಟ್ಟು ಕೇಳ್ತಾವ, ಎರಡರ ನಡುವಿನ ಫರಕೂ ಹಿಡಿತಾವ, 2010ರಾಗ ವರ್ಕರ್ ಅವರ ಗುಂಪೇ ತೋರಿಸಿದ್ದು ಇದು. ಮತ್ತ ಅದೆಲ್ಲಾ ಯಾಕ, ರಾಯಚೂರು ಬಜಾರದಾಗ ನಿಂತು ನೋಡ್ರಿ, ತರಕಾರಿ ಮಾರೋ ಅಕ್ಕನಿಗೆ ಮೂರು ಭಾಷಾ ಬರ್ತಾವ, ಆಕಿ ತಲಿ ಕೆಟ್ಟದ ಏನು? ಅಜ್ಜಿ ಇದಕ್ಕ ಮಾತ್ರ ನಕ್ಕರು. ಅವರಿಗೂ ತೆಲುಗು ಚಂದ ತಿಳೀತದ, ಅದು ಅವತ್ತು ಗೊತ್ತಾತು.

ತಾಯಿ ಮಾತು ನಿಂತ ಜಾಗಕ್ಕ ಬಂದದ್ದು ಫೋನ್. ಊಟಕ್ಕ ಕೂತ್ರ ಕಾರ್ಟೂನ್ ಹಾಡು, ಒಂದು ದಿನಕ್ಕ ಎರಡು ಮೂರು ತಾಸು, ಅದೂ ಇಂಗ್ಲಿಷ್ ಹಿಂದಿ. "ಅದರಾಗಿಂದ ಮಾತು ಕಲೀಲಿ ಅಂತ ಹಚ್ಚಿದ್ವಿ" ಅಂದ್ರು. ಪೆಟ್ರೀಷಿಯಾ ಕುಲ್ ಅವರ 2003ರ ಪ್ರಯೋಗ ನಾ ಎಲ್ಲಾ ತಾಯಂದಿರಿಗೂ ಹೇಳ್ತೀನಿ: ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ 12 ಸರ್ತಿ ಚೀನೀ ಮ್ಯಾಂಡರಿನ್ ಕೇಳಿಸಿದ್ರು, ಎದುರಿಗೆ ಕುಂತು ಆಡಿಸಿದವರ ಕಡಿಂದ ಕೇಳಿದ ಕೂಸುಗಳು ಆ ಭಾಷಾದ ಫರಕ್ ಕಲ್ತವು, ಅದೇ ಮಂದಿ, ಅದೇ ಮಾತು ಟಿವಿಯಾಗ ನೋಡಿದ ಕೂಸುಗಳು ಏನೂ ಕಲೀಲಿಲ್ಲ. ಫೋನು ಕೂಸು ‘ಪಾ’ ಅಂದ್ರ ತಿರುಗಿ ನೋಡಲ್ಲ. ವರ್ಷ ತುಂಬದ ಕೂಸಿಗೆ ಸ್ಕ್ರೀನೇ ಬ್ಯಾಡ ಅಂತ ಡಬ್ಲ್ಯುಎಚ್‌ಒ 2019ರಾಗ ಹೇಳ್ಯದ.

ಮಾಡಿದ ಕೆಲಸ ದೊಡ್ಡದೇನಲ್ಲ. ತಾಯಿ ತೆಲುಗು, ಅಜ್ಜಿ ಕನ್ನಡ, ಪಕ್ಕದ ಮನಿ ಹುಡುಗಿ ತನ್ನ ಉರ್ದು, ಯಾರೂ ಯಾರನ್ನೂ ತಡಿಯಂಗಿಲ್ಲ. ಊಟದ ಹೊತ್ತಿಗೆ ಫೋನು ಕಪಾಟಿನ್ಯಾಗ. ಮೂರನೇದು ನಾ ಎಲ್ಲಕ್ಕಿಂತ ಜಾಸ್ತಿ ಹೇಳಿಕೊಟ್ಟದ್ದು: ಕೂಸು ಯಾವ ದನಿ ತೆಗದ್ರೂ ಕೂಡ್ಲೆ ಮಾರಿ ಕೊಡಬೇಕು, ಹತ್ರ ಹೋಗಬೇಕು, ಅದೇ ದನಿ ತಿರುಗಿ ಅನ್ನಬೇಕು, ಆಮ್ಯಾಲ ಸುಮ್ಮನಾಗಿ ಕಾಯಬೇಕು. ಮೈಕೆಲ್ ಗೋಲ್ಡ್‌ಸ್ಟೀನ್ ಅವರು 2003ರಾಗ ತೋರಿಸಿದ್ದು ಇದನ್ನೇ, ಎಂಟು ತಿಂಗಳ ಕೂಸು ದನಿ ತೆಗದ ಕೂಡ್ಲೆ ತಾಯಿ ನಕ್ಕು ಮುಟ್ಟಿದ್ರ ಆ ಕೂಸಿನ ತೊದಲು ಅಲ್ಲಿದ್ದಲ್ಲೇ ಮಾತಿನ ಹತ್ರ ಸರೀತದ, ಹೊತ್ತಲ್ಲದ ಹೊತ್ತಿನ್ಯಾಗ ಅಷ್ಟೇ ನಕ್ಕು ಮುಟ್ಟಿದ್ರ ಸರಿಯಲ್ಲ. ಕಾಯೋದು ಅಜ್ಜಿಗೆ ಕಷ್ಟ ಆತು, ಅವರು ಮಾತಿನ ಮಲ್ಲಿ, ಕೂಸಿಗೆ ಸಂದೇ ಕೊಡಲ್ಲ. ಆದ್ರ ಅವರ ಹತ್ರ ಒಂದು ಬಂಗಾರ ಇತ್ತು. ರೊಟ್ಟಿ ಬಡಿಯುವಾಗ ಕೂಸನ್ನ ಎದುರಿಗೆ ಕುಂಡ್ರಿಸಿ "ಹಿಟ್ಟು ನೋಡು, ಹಿಟ್ಟು ಬೇಕಾ, ಹಿಟ್ಟು ಎಲ್ಲಿ, ಹಿಟ್ಟು ತಟ್ಟು" ಅಂತ ತಾಳ ಹಾಕ್ಕೊಂತ ಅಂತಿದ್ರು. ಕೂಸಿಗೆ ನಮ್ಮ ಮಾತು ಕೇಳೋದು ಸಂದಿಲ್ಲದ ಒಂದೇ ದಾರದಂಗ, ಪದ ಎಲ್ಲಿ ಮುಗೀತು ಅಂತ ಯಾರೂ ಗೀಟು ಹಾಕಿರಲ್ಲ. ‘ಹಿಟ್ಟು’ ಪ್ರತೀ ಸರ್ತಿ ಒಟ್ಟಿಗೇ ಬರ್ತದ, ಅದರ ಮುಂದಿನದು ಬದಲಾಗ್ತದ, ಆ ಲೆಕ್ಕದ ಮ್ಯಾಲ ಕೂಸು ಪದ ಕಿತ್ಕೊಂತದ. ಜೆನ್ನಿ ಸ್ಯಾಫ್ರನ್ ಮತ್ತ ಜೊತೆಗಾರರು 1996ರಾಗ ಅರ್ಥ ಇಲ್ಲದ ಪದಗಳ ಸಾಲನ್ನ ಬಿಡುವಿಲ್ಲದೆ ಬರೇ ಎರಡು ನಿಮಿಷ ಕೇಳಿಸಿದ್ರು, ಎಂಟು ತಿಂಗಳ ಕೂಸುಗಳು ಇದೇ ಲೆಕ್ಕ ಹಾಕಿದ್ವು. ಅಜ್ಜಿಗೆ ಇದನ್ನ ಯಾರೂ ಕಲಿಸಿದ್ದಿಲ್ಲ.

16 ತಿಂಗಳಿಗೆ ಒಂಬತ್ತು ಪದ ಆಗಿದ್ವು, ಎರಡೂ ಭಾಷಾ ಕೂಡಿಸಿ. ಕೂಡಿಸಿಯೇ ಎಣಿಸಬೇಕು, ಕನ್ನಡ ಅಷ್ಟ ಎಣಿಸಿದ್ರ ನಾಕು, ಆವಾಗ ಮತ್ತ ‘ಹಿಂದ ಬಿದ್ದದ’ ಅಂತ ಹಣಿಪಟ್ಟಿ ಹಚ್ಚಿಬಿಡ್ತೀವಿ. ಹೆಸರು ಹಿಡಿದು ಕರೆದ್ರ ತಿರುಗ್ತಿತ್ತು, "ಕಣ್ಣೆಲ್ಲಿ" ಅಂದ್ರೂ ತನ್ನ ಕಣ್ಣು ಮುಟ್ಟತಿತ್ತು, "ಕನ್ನು ಏದಿ" ಅಂದ್ರೂ ಅದನ್ನೇ ಮುಟ್ಟತಿತ್ತು. ನಡುವ ಒಂದು ಸರ್ತಿ ಮತ್ತ ನೆಗಡಿ ಆಗಿ ಒಂದು ಕಿವ್ಯಾಗ ನೀರು ಬಂತು, ಮೂರು ವಾರಕ್ಕ ಹೋತು. 19ಕ್ಕ ಮೂವತ್ತರ ಮ್ಯಾಲ ಪದ, ಮತ್ತ ಮೊದಲನೇ ಜೋಡಿ: "ಅಜ್ಜಿ ರಾ". ಅಜ್ಜಿ ಬಾ ಅಂತ, ಒಂದು ಕನ್ನಡ ಒಂದು ತೆಲುಗು. ಮನಿಯವರು ಇದನ್ನ ಕಲಬೆರಕಿ ಆತಲ್ಲ ಅಂತ ಅಂಜಿ ಫೋನ್ ಮಾಡಿದ್ರು, ನಾ ಹೇಳಿದೆ ಕೈಯಾಗ ಇದ್ದ ಪದ ಇದ್ದಂಗ ಜೋಡಿಸ್ಯದ, ಎರಡು ಪದ ಜೋಡಿಸಿದ್ದು ನೋಡ್ರಿ, ಯಾವ ಅಂಗಡಿಂದ ತಂತು ಅಂತ ನೋಡಬ್ಯಾಡ್ರಿ.

ಯಾವುದರಿಂದ ಸುಮ್ಮಗಾಗಿತ್ತು ಅಂತ ಕೇಳಿದ್ರ, ನೀರು, ಫೋನು, ತಾಯಿಯ ಮೌನ ಮೂರೂ ಅದೇ ನಾಕೈದು ತಿಂಗಳಾಗ ಕೂಡಿ ಬಂದಿದ್ವು, ಒಂದೇ ಕೂಸಿನ ಮ್ಯಾಲಿಂದ ಇಷ್ಟು ಇದಕ್ಕ, ಅಷ್ಟು ಅದಕ್ಕ ಅಂತ ಪಾಲು ಹಾಕಕ್ಕಾಗಲ್ಲ. ನೀರು ತಾನೇ ಹೋತು, ಫೋನು ಕಪಾಟಿಗೆ ಹೋತು. ಮೂರನೇದಕ್ಕ ನಾಕು ಜನ ದೊಡ್ಡವರು ಮನಸ್ಸು ಬದಲಿಸಬೇಕಾತು, ಅದಕ್ಕ ಜಾಸ್ತಿ ದಿನ ಹಿಡೀತು. ನನ್ನ ಕೇಸ್ ಶೀಟಿನ್ಯಾಗ ಈಗ ಒಂದು ಹೊಸ ಸಾಲು ಸೇರಿಸೀನಿ, ‘ತಾಯಿ ಯಾವ ಭಾಷಾದಾಗ ಕನಸು ಕಾಣ್ತಾಳ’ ಅಂತ. ಹಾಂಗ ಕೇಳಿದ್ರ ತಾಯಂದಿರು ಅತ್ತಿ ಮಾರಿ ನೋಡದೆ ತಾವೇ ಹೇಳ್ತಾರ.

22ನೇ ತಿಂಗಳಿಗೆ ಬಂದಾಗ ಅಜ್ಜಿ, ತಾಯಿ ಇಬ್ರೂ ಚಾಪಿ ಮ್ಯಾಲ ಕುಂತಿದ್ರು, ನಡುವ ಹಾಲಿನ ಗ್ಲಾಸ್ ಇಟ್ಟೆ. ಕೂಸು ತಾಯಿ ಕಡಿ ತಿರುಗಿ "ಪಾಲು" ಅಂತು. ತಾಯಿ ಕೊಡಲಿಲ್ಲ, ಅತ್ತಿ ಕಡಿ ಕೈ ತೋರಿಸಿದ್ಲು. ಕೂಸು ಅಜ್ಜಿ ಮಾರಿ ಒಂದು ಗಳಿಗಿ ನೋಡ್ತು, "ಅಜ್ಜಿ, ಆಲು" ಅಂತು.